ಕೆಲಸ ಹೋದ ಮೇಲೆ ದುಡ್ಡು ಯಾರಿಗೆ ಬರುತ್ತೆ? ಈ ಭಾನುವಾರದ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಈ ವಾರ ಗುಂಪಿಗೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಕೆಲಸ ಹೋಯ್ತು, ಸರ್ಕಾರದಿಂದ ಏನಾದರೂ ಬರುತ್ತಾ, ಬರೋದಾದರೆ ಯಾರಿಗೆ? ಮದ್ದೂರು, ನಂಜನಗೂಡು, ಹೆಬ್ಬಾಳ, ಕೆ.ಆರ್. ಪೇಟೆ, ಎಲ್ಲ ಕಡೆಯಿಂದಲೂ ಕೇಳಿದ್ದೀರಿ. ನಾನು ಮೈಸೂರಿನ ಕಾರ್ಮಿಕ ನ್ಯಾಯಾಲಯದಲ್ಲಿ ಕೆಲಸಗಾರರ ಪರವಾಗಿ ವಕಾಲತ್ತು ಹಾಕುವವಳು. ದಿನಾ ನೋಡುವ ವಿಷಯವೇ ಆದ್ದರಿಂದ ಒಂದೊಂದಾಗಿ ಬರೆಯುತ್ತೇನೆ. ಉತ್ತರದ ಕೆಳಗೇ ಮರುಪ್ರಶ್ನೆ ಕೇಳಿ, ಸಂಕೋಚ ಬೇಡ.

ಶುರುವಿಗೆ ಒಂದು ಮಾತು. ನಮ್ಮಲ್ಲಿ ಎಲ್ಲರಿಗೂ ಸಲ್ಲುವ ಒಂದೇ ನಿರುದ್ಯೋಗ ಭತ್ಯೆ ಇಲ್ಲ. ಇಎಸ್‌ಐ (ಸಂಬಳದಿಂದ ಹಿಡಿಯುವ ನೌಕರರ ರಾಜ್ಯ ವಿಮೆ) ಕಟ್ಟಿದವರಿಗೆ ಬೇರೆ, ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ಬೇರೆ, ಹಳ್ಳಿಯಲ್ಲಿ ಕೂಲಿ ಕೇಳಿದವರಿಗೆ ಬೇರೆ. ಇಎಸ್‌ಐನವರ ಮಟ್ಟಿಗೆ ಎರಡು ಸಂಗತಿ ನೋಡುತ್ತಾರೆ. ನಿಮ್ಮ ಹೆಸರಲ್ಲಿ ವಂತಿಗೆ ಎಷ್ಟು ದಿನ ಕಟ್ಟಿದೆ, ಮತ್ತು ಕೆಲಸ ಬಿಟ್ಟ ಕಾರಣ ಅಂತ ಕಾಗದದಲ್ಲಿ ಏನು ಬರೆದಿದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ನಮ್ಮ ಜನ ಕೈಗೆ ಬರಬೇಕಾದ ದುಡ್ಡು ಕಳೆದುಕೊಳ್ಳುವುದು ಆ ಎರಡನೆಯದರಲ್ಲೇ.

ಪ್ರಶ್ನೆ (ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸ್ ಟೈಲರ್):
ಅಕ್ಕ, ನಾನು ನಾಕು ವರ್ಸದಿಂದ ಟೈಲರ್ ಕೆಲ್ಸ ಮಾಡ್ತಾ ಇವ್ನಿ. ಆರ್ಡರ್ ಇಲ್ಲ ಅಂತ ನಮ್ಮ ಬ್ಯಾಚು ತೆಗೀತಾವ್ರೆ. ಶನಿವಾರ ಎಲ್ರನ್ನೂ ಕರ್ದು ಒಂದು ಪೇಪರ್ ಕೊಟ್ರು, ಸೈನ್ ಹಾಕುದ್ರೆ ಸೆಟ್ಲ್‌ಮೆಂಟ್ ಬೇಗ ಆಯ್ತದೆ ಅಂತಾವ್ರೆ. ಇಂಗ್ಲಿಷಲ್ಲೈತೆ, ಫೋಟೋ ಹಾಕಿವ್ನಿ ನೋಡಿ. ನಾನಿನ್ನೂ ಹಾಕಿಲ್ಲ, ಸೋಮವಾರ ಕಡೇ ದಿನ ಅಂದವ್ರೆ. ನಡುವೆ ಬಾಣಂತನಕ್ಕೆ ಆರು ತಿಂಗ್ಳು ರಜಾದಲ್ಲಿದ್ದೆ. ನನಗೆ ಇಎಸ್‌ಐ ದುಡ್ಡು ಬರ್ತದಾ?

ಉತ್ತರ:
ತಂಗಿ, ಸೈನ್ ಹಾಕಬೇಡ. ನೀನು ಕಳಿಸಿದ ಫೋಟೋ ದೊಡ್ಡದು ಮಾಡಿಕೊಂಡು ಓದಿದೆ. ಮೇಲೆ ಹೆಸರು, ಟೋಕನ್ ನಂಬರ್ ತುಂಬಲು ಖಾಲಿ ಜಾಗ. ಕೆಳಗೆ ಟೈಪ್ ಮಾಡಿರುವುದು ಮೂರೇ ಸಾಲು. ಅದರ ಅರ್ಥ ಇಷ್ಟು: "ನನ್ನ ಸ್ವಂತ ಕಾರಣಗಳಿಂದ ನಾನಾಗಿಯೇ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ನನಗೆ ಬರಬೇಕಾದ ಎಲ್ಲ ಬಾಕಿ ಬಂದಿದೆ. ಮುಂದೆ ಯಾವ ತಕರಾರೂ ಇಲ್ಲ." ದಿನಾಂಕದ ಜಾಗವನ್ನೂ ಖಾಲಿ ಬಿಟ್ಟಿದ್ದಾರೆ. ಬ್ಯಾಚು ತೆಗೆಯುತ್ತಿರುವುದು ಅವರು, ಕಾಗದ ಹೇಳುತ್ತಿರುವುದು ನೀನೇ ಬಿಟ್ಟು ಹೋಗುತ್ತಿದ್ದೀಯ ಅಂತ.

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಇಎಸ್‌ಐನಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಇದೆ. 2018ರ ಜುಲೈ 1ರಿಂದ ಬಂದಿದ್ದು. ಕೆಲಸ ಕಳೆದುಕೊಂಡವರಿಗೆ ಜೀವಮಾನದಲ್ಲಿ ಒಟ್ಟು 90 ದಿನದವರೆಗೆ ಹಣ ಕೊಡುತ್ತಾರೆ. ಮೊದಲು ದಿನದ ಸರಾಸರಿ ಗಳಿಕೆಯ ನಾಲ್ಕನೇ ಒಂದು ಭಾಗ ಕೊಡುತ್ತಿದ್ದರು, 2020ರಲ್ಲಿ ಕೊರೊನಾ ಬಂದಾಗ ಅರ್ಧಕ್ಕೆ ಏರಿಸಿದರು. ಆದರೆ ತಾನಾಗಿ ಕೆಲಸ ಬಿಟ್ಟವರಿಗೆ, ಸ್ವಯಂ ನಿವೃತ್ತಿ ತೆಗೆದುಕೊಂಡವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ದುರ್ನಡತೆ ಅಂತ ಶಿಕ್ಷೆಯಾಗಿ ಕೆಲಸ ಹೋದವರಿಗೆ ಇದು ಸಿಗುವುದಿಲ್ಲ. ಆ ಮೂರು ಸಾಲಿಗೆ ಸಹಿ ಬಿದ್ದರೆ ನೀನು ತಾನಾಗಿ ಬಿಟ್ಟವರ ಸಾಲಿಗೆ ಸೇರುತ್ತೀಯ.

ಈಗ ನಿನ್ನ ಬಾಣಂತನದ ಪ್ರಶ್ನೆ. ಇಎಸ್‌ಐನವರು ವರ್ಷವನ್ನು ಎರಡು ವಂತಿಗೆ ಅವಧಿಯಾಗಿ ಎಣಿಸುತ್ತಾರೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31 ಇನ್ನೊಂದು. ಎರಡು ವರ್ಷಕ್ಕೆ ನಾಲ್ಕು ಅವಧಿ. ಮುಂಚೆ ನಾಲ್ಕರಲ್ಲೂ 78 ದಿನದ ವಂತಿಗೆ ಇರಲೇಬೇಕಿತ್ತು. 2020ರಲ್ಲಿ ಅದನ್ನು ಸಡಿಲ ಮಾಡಿದರು. ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ 78 ದಿನ ಇರಬೇಕು, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಇದ್ದರೆ ಸಾಕು. ಕೆಲಸ ಹೋಗುವ ಮುಂಚೆ ಕನಿಷ್ಠ ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿ ಇದ್ದಿರಬೇಕು. ನೀನು ನಾಲ್ಕು ವರ್ಷದಿಂದ ಇದ್ದೀಯ, ರಜೆಯಲ್ಲಿದ್ದಾಗಲೂ ಹೆಸರು ಹಾಜರಿ ಪುಸ್ತಕದಲ್ಲೇ ಇತ್ತು. ಕೆಲಸ ಹೋಗುವುದಕ್ಕೆ ಹಿಂದಿನ ಅವಧಿ ತುಂಬಿದ್ದರೆ, ಬಾಣಂತನದ ಒಂದು ಅವಧಿ ಖಾಲಿ ಹೋದರೂ ಮಿಕ್ಕವು ನಿನ್ನನ್ನು ಕಾಪಾಡುತ್ತವೆ.

ಮರುಪ್ರಶ್ನೆ (ಅದೇ ಹೆಣ್ಣುಮಗಳು):
ಎಷ್ಟು ಬರ್ತದೆ ಅಕ್ಕ? ನನ್ನ ಸ್ಲಿಪ್ಪಲ್ಲಿ ಇಎಸ್‌ಐ 98 ರೂಪಾಯಿ ಹಿಡ್ದವ್ರೆ.

ಉತ್ತರ:
98 ಹಿಡಿದಿದ್ದಾರೆ ಅಂದರೆ ಇಎಸ್‌ಐ ಲೆಕ್ಕದ ನಿನ್ನ ಸಂಬಳ 13,000 ಆಸುಪಾಸು. ನಿನ್ನ ಪಾಲು ನೂರಕ್ಕೆ 75 ಪೈಸೆ, ಕಂಪನಿ ಪಾಲು ನೂರಕ್ಕೆ ಮೂರೂಕಾಲು ರೂಪಾಯಿ. ನಿನ್ನ ಹೆಸರಲ್ಲಿ ಪ್ರತಿ ತಿಂಗಳು ಐನೂರು ಚಿಲ್ಲರೆ ಹೋಗಿದೆ.

ಲೆಕ್ಕ ಹೀಗೆ ಹಾಕುತ್ತಾರೆ: ನಾಲ್ಕು ಅವಧಿಯ ಒಟ್ಟು ಗಳಿಕೆಯನ್ನು 730 ದಿನಕ್ಕೆ ಭಾಗಿಸಿ, ಬಂದದ್ದರಲ್ಲಿ ಅರ್ಧ. ನಿನ್ನ ಪಕ್ಕದ ಮಿಷಿನ್ನಿನವಳು ರಜೆಯಿಲ್ಲದೆ 24 ತಿಂಗಳು ದುಡಿದಿದ್ದರೆ ಅವಳ ಒಟ್ಟು 3,12,000. ದಿನಕ್ಕೆ 427 ರೂಪಾಯಿ, ಅದರ ಅರ್ಧ ಸುಮಾರು 213.70. 90 ದಿನಕ್ಕೆ 19,230 ಆಸುಪಾಸು. ನೀನು ಆರು ತಿಂಗಳು ಸಂಬಳದಲ್ಲಿ ಇರಲಿಲ್ಲ, ಹಾಗಾಗಿ 18 ತಿಂಗಳ 2,34,000 ಹಿಡಿದರೂ ಭಾಗಿಸುವುದು ಅದೇ 730ರಿಂದ. ನಿನಗೆ 14,400 ಆಸುಪಾಸು ಬರುತ್ತದೆ. ಮಗು ಹೆತ್ತದ್ದಕ್ಕೆ ಐದು ಸಾವಿರ ಕಮ್ಮಿಯಾಗುವುದು ನನಗೆ ಒಪ್ಪಿಗೆಯಿಲ್ಲ, ನಿಯಮ ಬರೆದವರು ಇದನ್ನು ಯೋಚಿಸಬೇಕಿತ್ತು. ಆದರೂ ಹದಿನಾಲ್ಕು ಸಾವಿರ ಬಿಡುವ ದುಡ್ಡಲ್ಲ, ಮೂರು ತಿಂಗಳ ಮನೆ ಬಾಡಿಗೆ, ಹಾಲು, ಗ್ಯಾಸು ಅದರಲ್ಲಿ ನಡೆಯುತ್ತದೆ.

ಕೆಲಸ ಹೋದ ದಿನದಿಂದ 30 ದಿನ ಕಳೆದ ಮೇಲೆ ಹಣಕ್ಕೆ ಅರ್ಹತೆ ಬರುತ್ತದೆ. ಅರ್ಜಿಯನ್ನು ಇಎಸ್‌ಐ ಪೋರ್ಟಲ್‌ನಲ್ಲಿ ನೀನೇ ಹಾಕಬಹುದು, ಬ್ರಾಂಚ್ ಆಫೀಸಿಗೂ ನೇರವಾಗಿ ಕೊಡಬಹುದು. ಕಂಪನಿಯವರ ಕೈಯಿಂದಲೇ ಹೋಗಬೇಕು ಅನ್ನುವ ಕಟ್ಟಳೆ 2020ರಲ್ಲೇ ಹೋಯಿತು. ಸ್ಟಾಂಪ್ ಪೇಪರ್ ಮೇಲೆ ಪ್ರಮಾಣಪತ್ರ ಬೇಕಿದ್ದದ್ದನ್ನೂ ಅದೇ ವರ್ಷ ನವೆಂಬರ್‌ನಲ್ಲಿ ತೆಗೆದರು. ಅದಕ್ಕೆ ಅಂತ ಸೈಬರ್ ಸೆಂಟರಿನಲ್ಲಿ ಯಾರಾದರೂ ಇನ್ನೂರು ಮುನ್ನೂರು ಕೇಳಿದರೆ ಕೊಡಬೇಡ.

ಇನ್ನೊಂದು, ಇದು ಖಾಯಂ ಯೋಜನೆಯಲ್ಲ. ಅವಧಿ ಮುಗಿದ ಹಾಗೆಲ್ಲ ಮುಂದುವರಿಸಿಕೊಂಡು ಬಂದಿದ್ದಾರೆ. ಅರ್ಜಿ ಹಾಕುವ ದಿನ ಜಾರಿಯಲ್ಲಿದೆಯೇ ಅಂತ ಬ್ರಾಂಚ್ ಆಫೀಸಿನಲ್ಲಿ ಎಲ್ಲರೂ ಮೊದಲು ಕೇಳಿಕೊಳ್ಳಿ.

ಮರುಪ್ರಶ್ನೆ (ಅದೇ ಬ್ಯಾಚಿನ ಇನ್ನೊಬ್ಬರು):
ಮೇಡಂ, ನಾನು ಶನಿವಾರವೇ ಸೈನ್ ಹಾಕ್ಬುಟ್ಟೆ, ನಲವತ್ತು ಜನ ಹಾಕ್ಬುಟ್ವಿ. ಏನೈತೆ ಅಂತ ಯಾರೂ ಓದಿ ಹೇಳ್ಲಿಲ್ಲ. ಈಗ ಏನ್ ಮಾಡದು?

ಉತ್ತರ:
ಅಳಬೇಡಿ ಅಮ್ಮ, ದಾರಿ ಇನ್ನೂ ಇದೆ. ತಡ ಮಾಡಿದಷ್ಟೂ ಕಷ್ಟ, ಅಷ್ಟೇ. ಇವತ್ತೇ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಕರೆದರು, ಏನು ಹೇಳಿ ಸಹಿ ಹಾಕಿಸಿಕೊಂಡರು, ಜೊತೆಗೆ ಯಾರಿದ್ದರು. "ಇದು ನನ್ನ ಇಚ್ಛೆಯ ರಾಜೀನಾಮೆ ಅಲ್ಲ, ಇದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ, ನಾನು ಕೆಲಸಕ್ಕೆ ಬರಲು ತಯಾರಿದ್ದೇನೆ" ಅಂತ ಕಡೆಯಲ್ಲಿ ಸ್ಪಷ್ಟವಾಗಿ ಇರಲಿ. ಕಂಪನಿಗೆ ಒಂದು, ಕಾರ್ಮಿಕ ಅಧಿಕಾರಿಗೆ ಒಂದು, ಇಎಸ್‌ಐ ಬ್ರಾಂಚ್ ಆಫೀಸಿಗೆ ಒಂದು ಸ್ಪೀಡ್ ಪೋಸ್ಟ್ ಮಾಡಿ, ಮೂರು ರಸೀದಿಯನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ನಲವತ್ತು ಜನರ ಸಹಿ ಒಂದೇ ದಿನ, ಒಂದೇ ಥರ ಟೈಪ್ ಮಾಡಿದ ಕಾಗದದ ಮೇಲೆ ಬಿದ್ದಿದೆ ಅನ್ನುವುದೇ ನಿಮ್ಮ ದೊಡ್ಡ ಸಾಕ್ಷಿ. ನಲವತ್ತು ಜನಕ್ಕೂ ಒಂದೇ ದಿನ ಸ್ವಂತ ಕಾರಣ ಹುಟ್ಟುವುದಿಲ್ಲ. ಎಲ್ಲರೂ ಸೇರಿ ಬರೆದರೆ ಇನ್ನೂ ಒಳ್ಳೆಯದು. ಇನ್‌ಬಾಕ್ಸಿಗೆ ಬನ್ನಿ, ಒಕ್ಕಣೆ ನಾನು ನೋಡಿ ಕೊಡುತ್ತೇನೆ, ಫೀಸಿನ ಮಾತೇ ಇಲ್ಲ.

ಪ್ರಶ್ನೆ (ಮೇಟಗಳ್ಳಿ, ಹೆಂಡತಿ ಬರೆದಿದ್ದು):
ನಮ್ಮ ಯಜಮಾನ್ರು ಕೆಲ್ಸ ಮಾಡ್ತಿದ್ದ ಕಾರ್ಖಾನೆ ಪೂರ್ತಿ ಬಾಗಿಲು ಹಾಕಿದೆ. ಒಂಬತ್ತು ವರ್ಷ ಸರ್ವೀಸು. ಅವರಿಗೂ 90 ದಿನ ಮಾತ್ರಾನಾ? ಅವರಿಗೆ ಬಿಪಿ, ಶುಗರ್ ಇದೆ, ಮಾತ್ರೆ ಎಲ್ಲಾ ಇಎಸ್‌ಐ ಆಸ್ಪತ್ರೆದೇ.

ಉತ್ತರ:
ಅಮ್ಮ, ನಿಮ್ಮವರಿಗೆ ಇದಕ್ಕಿಂತ ದೊಡ್ಡ ಯೋಜನೆ ಇದೆ. ಕಷ್ಟಪಟ್ಟು ಕೇಳಬೇಕಾದದ್ದು ಅದನ್ನೇ. ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, 2005ರ ಏಪ್ರಿಲ್ 1ರಿಂದ ಇದೆ. ಕಾರ್ಖಾನೆ ಮುಚ್ಚಿ ಕೆಲಸ ಹೋದವರು, ಕಾನೂನು ಪ್ರಕಾರ ರಿಟ್ರೆಂಚ್‌ಮೆಂಟ್ ಆದವರು (ತಪ್ಪಿಲ್ಲದೆ ಕಂಪನಿಯೇ ಕೆಲಸದಿಂದ ಕಡಿತ ಮಾಡಿದವರು), ಕೆಲಸದ ಹೊರಗೆ ಪೆಟ್ಟಾಗಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಖಾಯಂ ಅಂಗವಿಕಲತೆ ಬಂದು ಕೆಲಸ ಕಳೆದುಕೊಂಡವರು, ಈ ಮೂವರಿಗೆ. ಎರಡು ವರ್ಷದ ವಂತಿಗೆ ಕಟ್ಟಿರಬೇಕು. ಮೊದಲ 12 ತಿಂಗಳು ಸಂಬಳದ ಅರ್ಧ, ಆಮೇಲಿನ 12 ತಿಂಗಳು ಕಾಲು ಭಾಗ. ನಡುವೆ ಬೇರೆ ಕೆಲಸ ಸಿಕ್ಕಿದರೆ ನಿಲ್ಲುತ್ತದೆ.

13,000 ಸಂಬಳದವರಿಗೆ ಅಂದಾಜು ಹಾಕಿದರೆ ಎರಡು ವರ್ಷಕ್ಕೆ ಸೇರಿ 1,17,000. ಆ ಅಟಲ್ ಯೋಜನೆಯ ಹತ್ತೊಂಬತ್ತು ಸಾವಿರ ಎಲ್ಲಿ, ಇದೆಲ್ಲಿ! ಒಂದೇ ಕಾಲಕ್ಕೆ ಎರಡೂ ಬರುವುದಿಲ್ಲ, ಆದ್ದರಿಂದ ಅವಸರಕ್ಕೆ ಬಿದ್ದು ಚಿಕ್ಕದಕ್ಕೆ ಅರ್ಜಿ ಹಾಕಬೇಡಿ. ಭತ್ಯೆ ಬರುವಷ್ಟು ಕಾಲ ಅವರಿಗೂ ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ಕೆಆರ್‌ಎಸ್ ರಸ್ತೆಯ ಆಸ್ಪತ್ರೆಗೆ ಈಗ ಹೋಗುತ್ತಿರುವ ಹಾಗೇ ಹೋಗಬಹುದು, ಬಿಪಿ ಮಾತ್ರೆ ನಿಲ್ಲಿಸಬೇಡಿ.

ಕಾರ್ಖಾನೆ ಮುಚ್ಚಿದ್ದಕ್ಕೆ ಪುರಾವೆ ಬೇಕು. ಗೇಟಿಗೆ ಅಂಟಿಸಿದ ನೋಟಿಸಿನ ಫೋಟೋ ತೆಗೆದಿಟ್ಟುಕೊಳ್ಳಿ, ಮಳೆಗೆ ಹರಿದು ಹೋದ ಮೇಲೆ ಯಾರೂ ಕೊಡುವುದಿಲ್ಲ. ನೋಟಿಸಿನಲ್ಲಿ "ಲಾಕ್‌ಔಟ್" ಅಂತಿದೆಯೋ "ಕ್ಲೋಶರ್" ಅಂತಿದೆಯೋ ಸರಿಯಾಗಿ ನೋಡಿ ಹೇಳಿ. ಲಾಕ್‌ಔಟ್ ಅಂದರೆ ತಾತ್ಕಾಲಿಕವಾಗಿ ಗೇಟು ಮುಚ್ಚುವುದು, ಕ್ಲೋಶರ್ ಅಂದರೆ ಶಾಶ್ವತವಾಗಿ ಮುಚ್ಚುವುದು. ಲಾಕ್‌ಔಟ್ ಆದರೆ ಈ ಹಣ ಇಲ್ಲ, ಆಗ ಹೋರಾಡುವ ದಾರಿಯೇ ಬೇರೆ.

ಯಾದವಗಿರಿಯ ಹಿರಿಯರೊಬ್ಬರ ಮಾತು:
ನಾನು ಜಾವಾ ಕಾರ್ಖಾನೆಯವನು ಕಣಮ್ಮ. 1996ರಲ್ಲಿ ಮುಚ್ಚಿದಾಗ ನಮಗೆ ಇದ್ಯಾವುದೂ ಇರಲಿಲ್ಲ. ಈಗ ಇದೆ ಅಂತ ಕೇಳಿ ಸಮಾಧಾನ ಆಯ್ತು.

ಉತ್ತರ:
ಹೌದು ಸರ್. 1961ರಲ್ಲಿ ಶುರುವಾಗಿ ಊರಿಗೇ ಹೆಸರು ತಂದ ಕಾರ್ಖಾನೆ. ಅದು ಮುಚ್ಚಿದ ಒಂಬತ್ತು ವರ್ಷದ ಮೇಲೆ ಈ ಯೋಜನೆ ಬಂತು. ಜಾವಾ ಮುಚ್ಚಿದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ನಮ್ಮ ಬೀದಿಯಲ್ಲಿ ಮೂರು ಮನೆಯವರು ಅಲ್ಲಿ ಕೆಲಸದಲ್ಲಿದ್ದರು. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೋಗುತ್ತಿದ್ದವರು ಜಗಲಿಯ ಮೇಲೆ ಕೂತಿದ್ದನ್ನು ನೋಡಿದ್ದೇನೆ. ನಾನು ಈ ಕೆಲಸ ಹಿಡಿದದ್ದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ (ಮಂಡ್ಯ, ತಾಯಿಯೊಬ್ಬರು):
ಮಗಳು ಬಿಎಸ್ಸಿ ಮುಗಿಸಿ ಮನೆಯಲ್ಲಿದ್ದಾಳೆ, 2024ರಲ್ಲಿ ಪಾಸು. ಯುವನಿಧಿ ಅವಳಿಗೆ ಬರುತ್ತಾ? ಮುಂದಿನ ವರ್ಷ ಬಿ.ಎಡ್‌ಗೆ ಸೇರಿಸಬೇಕು ಅಂತಿದ್ದೀವಿ. ಸೇರಿಸಿದರೆ ದುಡ್ಡು ನಿಲ್ಲುತ್ತೆ ಅಂತಾರೆ, ನಿಜಾನಾ?

ಉತ್ತರ:
ನಿಜ. ಯುವನಿಧಿ ನೋಂದಣಿ 2023ರ ಡಿಸೆಂಬರ್ 26ರಂದು ಶುರುವಾಯಿತು, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಹಾಕಲು ಚಾಲನೆ ಕೊಟ್ಟರು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮೊದಲು 2022-23ರಲ್ಲಿ ಪಾಸಾದವರಿಗೆ ಮಾತ್ರ ಇತ್ತು, ನಂತರ 2023-24ರವರನ್ನೂ ಸೇರಿಸಿದರು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕು. ಅರ್ಜಿ ಸೇವಾ ಸಿಂಧುವಿನಲ್ಲಿ. ವಿಶ್ವವಿದ್ಯಾಲಯ ಅವಳ ಪದವಿ ಪ್ರಮಾಣಪತ್ರವನ್ನು ಆನ್‌ಲೈನ್ ಭಂಡಾರಕ್ಕೆ ಏರಿಸಿದೆಯೋ ಇಲ್ಲವೋ ಮೊದಲು ನೋಡಿ, ಎಷ್ಟೋ ಅರ್ಜಿ ಅಲ್ಲೇ ನಿಂತಿರುತ್ತವೆ.

ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ, ಸ್ಟೈಪೆಂಡ್ ಬರುವ ಅಪ್ರೆಂಟಿಸ್ ತರಬೇತಿಯಲ್ಲಿ ಇರುವವರಿಗೆ, ಸರ್ಕಾರಿ ಆಗಲಿ ಖಾಸಗಿ ಆಗಲಿ ಕೆಲಸದಲ್ಲಿ ಇರುವವರಿಗೆ ಬರುವುದಿಲ್ಲ. "ನನಗಿನ್ನೂ ಕೆಲಸವಿಲ್ಲ, ಓದುತ್ತಲೂ ಇಲ್ಲ" ಅಂತ ಆಗಾಗ ಸ್ವಯಂ ಘೋಷಣೆ ಕೊಡುತ್ತಿರಬೇಕು. ಬಿ.ಎಡ್ ಸೇರಿದ ಮೇಲೂ ಘೋಷಣೆ ಕೊಡುತ್ತಾ ಹೋದರೆ ಸುಳ್ಳು ಹೇಳಿದ ಹಾಗಾಗುತ್ತದೆ, ಹಣ ವಾಪಸ್ ಕಟ್ಟಿಸಿಕೊಳ್ಳುತ್ತಾರೆ. ಸೇರುವವರೆಗೆ ತೆಗೆದುಕೊಳ್ಳಲಿ, ಸೇರಿದ ತಿಂಗಳು ನಿಲ್ಲಿಸಲಿ. ಮೂರು ಸಾವಿರದ ಆಸೆಗೆ ಬಿ.ಎಡ್ ಮುಂದಕ್ಕೆ ಹಾಕಬೇಡಿ ಅಮ್ಮ.

ಪ್ರಶ್ನೆ (ಹೆಬ್ಬಾಳ ಕೈಗಾರಿಕಾ ಪ್ರದೇಶ, ಸಾಫ್ಟ್‌ವೇರ್ ಕಂಪನಿ):
ಸಂಬಳ 38,000. "ನೀವೇ ರಿಸೈನ್ ಮಾಡಿ, ಇಲ್ಲದಿದ್ದರೆ ಟರ್ಮಿನೇಟ್ ಮಾಡ್ತೀವಿ, ಮುಂದೆ ಎಲ್ಲೂ ಕೆಲಸ ಸಿಗಲ್ಲ" ಅಂತ ಎಚ್‌ಆರ್ ಹೇಳುತ್ತಿದ್ದಾರೆ. ನನಗೆ ಯಾವ ಭತ್ಯೆ ಸಿಗುತ್ತೆ ಮೇಡಂ?

ಉತ್ತರ:
ನಿರುದ್ಯೋಗ ಭತ್ಯೆ ಅಂತ ಯಾವುದೂ ಇಲ್ಲ ತಮ್ಮ. ಇಎಸ್‌ಐಗೆ ಸಂಬಳದ ಮಿತಿ 21,000, ನೀವು ಅದರ ಮೇಲಿದ್ದೀರಿ. ತಿಂಗಳಿಗೆ ಲಕ್ಷಗಟ್ಟಲೆ ತರುವವರ ಮಾತು ಬಿಡಿ, ಮನೆ ಬಾಡಿಗೆ, ಬೈಕಿನ ಕಂತು, ಊರಿಗೆ ಕಳಿಸುವುದು ಎಲ್ಲ ಮುಗಿದು ಕೈಯಲ್ಲಿ ಏನೂ ಉಳಿಯದ ಈ ಮಧ್ಯದ ಸಂಬಳದವರನ್ನು ನಮ್ಮ ವ್ಯವಸ್ಥೆ ಪೂರ್ತಿ ಮರೆತಿದೆ. ಇದನ್ನು ನಾನು ಸಿಕ್ಕ ವೇದಿಕೆಯಲ್ಲೆಲ್ಲ ಹೇಳುತ್ತಲೇ ಇದ್ದೇನೆ.

ನಿಮಗಿರುವುದು ನೋಟಿಸ್ ಅವಧಿಯ ಸಂಬಳ, ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ (ಸರ್ವೀಸಿಗೆ ತಕ್ಕಂತೆ ಕೊಡುವ ಇಡುಗಂಟು), ಮತ್ತು ಪಿಎಫ್. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರ ಪ್ರಕಾರ ನೀವಾಗಿ ಬಿಟ್ಟರೂ ಅವರೇ ತೆಗೆದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ನಿಮ್ಮ ಹುದ್ದೆಯ ಹೆಸರು ಏನೇ ಇರಲಿ, ದಿನಾ ಮಾಡುವ ಕೆಲಸ ಮೇಲ್ವಿಚಾರಣೆಯೋ ಆಡಳಿತವೋ ಅಲ್ಲದಿದ್ದರೆ ಕಾನೂನಿನ ಕಣ್ಣಲ್ಲಿ ನೀವೂ ಕೆಲಸಗಾರರೇ. ಆಗ ವರ್ಷಕ್ಕೆ 15 ದಿನದ ಸರಾಸರಿ ಸಂಬಳದಂತೆ ರಿಟ್ರೆಂಚ್‌ಮೆಂಟ್ ಪರಿಹಾರ ಬರುತ್ತದೆ. ಅದಲ್ಲದೆ ಹೊಸ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿಯಿಂದ (ಕೆಲಸ ಹೋದವರು ಹೊಸ ಕೆಲಸ ಕಲಿಯಲಿ ಅಂತ ಇಟ್ಟಿದ್ದು) 15 ದಿನದ ಸಂಬಳ 45 ದಿನದೊಳಗೆ ಕೆಲಸಗಾರರ ಖಾತೆಗೆ ಹೋಗಬೇಕು. ರಾಜೀನಾಮೆ ಕೊಟ್ಟರೆ ಈ ಎರಡೂ ಹೋಯಿತು. ಅವರು ಬಾಯಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿ ಬರೆಯುವಂತೆ ಕೇಳಿ. ಬರೆಯದಿದ್ದರೆ "ಇಂದು ಮೀಟಿಂಗಿನಲ್ಲಿ ನೀವು ಹೀಗೆ ಹೇಳಿದಿರಿ" ಅಂತ ನೀವೇ ಬರೆದು ಕಳಿಸಿ, ಒಂದು ಪ್ರತಿ ನಿಮ್ಮ ಸ್ವಂತ ಇಮೇಲ್‌ಗೂ ಹೋಗಲಿ.

ಪ್ರಶ್ನೆ (ನಂಜನಗೂಡು, ಕಂಟ್ರಾಕ್ಟ್ ಕೆಲಸಗಾರ):
ಕಂಟ್ರಾಕ್ಟರ್ ಮೂರು ವರ್ಷ ಇಎಸ್‌ಐ ಹಿಡಿದಿದ್ದಾನೆ. ಆಪ್‌ನಲ್ಲಿ ನೋಡಿದರೆ ಒಂದು ವರ್ಷದ್ದು ಮಾತ್ರ ಕಟ್ಟಿದೆ. ಈಗ ಕೆಲಸ ಇಲ್ಲ. ಕಂಪನಿಯವರು "ನೀನು ನಮ್ಮವನಲ್ಲ" ಅಂತಾರೆ.

ಉತ್ತರ:
ಅಣ್ಣ, ನಮ್ಮವನಲ್ಲ ಅಂತ ಹೇಳುವ ಹಕ್ಕು ಇಎಸ್‌ಐ ವಿಷಯದಲ್ಲಿ ಅವರಿಗಿಲ್ಲ. 1948ರ ಇಎಸ್‌ಐ ಕಾಯ್ದೆಯ 40ನೇ ಕಲಂ ಇದ್ದ ಕಾಲದಿಂದಲೂ ಇದು ಸ್ಪಷ್ಟ: ಕಂಟ್ರಾಕ್ಟರ್ ಮೂಲಕ ಬಂದವರ ವಂತಿಗೆಯನ್ನೂ ಮೊದಲು ಮುಖ್ಯ ಮಾಲೀಕರೇ ಕಟ್ಟಬೇಕು, ಆಮೇಲೆ ಬೇಕಾದರೆ ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ. ಸಂಬಳದಲ್ಲಿ ಹಿಡಿದು ಕಟ್ಟದಿರುವುದು ಅಪರಾಧ. ನಿಮ್ಮ ಹತ್ತು ಅಂಕಿಯ ವಿಮಾ ಸಂಖ್ಯೆ, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್, ಗೇಟ್ ಪಾಸ್ ಇದ್ದರೆ ಅದು, ಇಷ್ಟನ್ನೂ ಇಟ್ಟು ಇಎಸ್‌ಐ ಕಚೇರಿಗೆ ಬರಹದಲ್ಲಿ ದೂರು ಕೊಡಿ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಕಟ್ಟಿಲ್ಲ ಅನ್ನುವುದನ್ನು ಬಿಡಿಬಿಡಿಯಾಗಿ ಬರೆಯಿರಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಪ್ರಶ್ನೆ (ಮೈಸೂರು, ಹೋಟೆಲ್ ಸಪ್ಲೈಯರ್):
ಹೋಟ್ಲು ಮುಚ್ಚಿದ್ರು. ಹದಿನಾಲ್ಕು ಜನ ಇದ್ವಿ. ಇಎಸ್‌ಐ ಕಾರ್ಡೇ ಮಾಡ್ಸಿರಲಿಲ್ಲ. ಇ-ಶ್ರಮ್ ಕಾರ್ಡ್ ಇದೆ, ಅದರಲ್ಲಿ ಏನಾದ್ರೂ ಬರುತ್ತಾ ಅಕ್ಕ?

ಉತ್ತರ:
ಇ-ಶ್ರಮ್ ಕಾರ್ಡಿನಿಂದ ನಿರುದ್ಯೋಗದ ಹಣ ಬರುವುದಿಲ್ಲ ತಮ್ಮ, ಅದು ನೋಂದಣಿ. ಹೋಟೆಲಿನಲ್ಲಿ ಹತ್ತು ಜನ ಇದ್ದರೂ ಇಎಸ್‌ಐ ಮಾಡಿಸಬೇಕಿತ್ತು. ಅದರ ಬಗ್ಗೆ ದೂರು ಕೊಡಬಹುದು, ಬಾಕಿ ಸಂಬಳಕ್ಕೆ ಕಾರ್ಮಿಕ ಇಲಾಖೆಗೂ ಹೋಗಬಹುದು. ಆದರೆ ಇವತ್ತು ಕೈಗೆ ಬರುವ ಭತ್ಯೆ ನಿಮಗಿಲ್ಲ, ಸುಳ್ಳು ಭರವಸೆ ಕೊಡಲಾರೆ. ಮುಂದಿನ ಹೋಟೆಲಿಗೆ ಸೇರುವಾಗ ಸಂಬಳದ ಜೊತೆಗೆ ಇಎಸ್‌ಐ ಇದೆಯಾ ಅಂತಲೂ ಕೇಳಿ.

ಪ್ರಶ್ನೆ (ಕೆ.ಆರ್. ಪೇಟೆ ಹತ್ತಿರದ ಹಳ್ಳಿ):
ಪಂಚಾಯ್ತಿಲಿ ನರೇಗಾ ಕೆಲ್ಸ ಕೇಳಿ ತಿಂಗ್ಳಾಯ್ತು, ಕೊಟ್ಟಿಲ್ಲ. ಕೆಲ್ಸ ಕೊಡ್ದಿದ್ರೆ ಭತ್ಯೆ ಕೊಡ್ಬೇಕಂತೆ, ಹೌದಾ?

ಉತ್ತರ:
ಹೌದು. 2005ರ ನರೇಗಾ ಕಾಯ್ದೆಯಲ್ಲಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಮ್ಮಿಯಿಲ್ಲದೆ, ಆಮೇಲೆ ಅರ್ಧಕ್ಕೆ ಕಮ್ಮಿಯಿಲ್ಲದೆ ಭತ್ಯೆ ಕೊಡಬೇಕು. 2025ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ 125 ದಿನದ ಹೊಸ ಕಾಯ್ದೆ ತಂದಿದ್ದಾರೆ, ಅದರಲ್ಲೂ ನಿರುದ್ಯೋಗ ಭತ್ಯೆ ಉಳಿದಿದೆ. ನೀವು ಕೆಲಸ ಕೇಳಿದ್ದು ಬಾಯಲ್ಲೋ ಕಾಗದದಲ್ಲೋ? ಬಾಯಲ್ಲಾದರೆ ಆ ತಿಂಗಳಿಗೆ ನಿಮ್ಮ ಕೈಯಲ್ಲಿ ಪುರಾವೆಯೇ ಇರುವುದಿಲ್ಲ. ನಾಳೆಯೇ ಬರಹದಲ್ಲಿ ಅರ್ಜಿ ಕೊಟ್ಟು ದಿನಾಂಕ ಹಾಕಿದ ರಸೀದಿ ಪಡೆಯಿರಿ. ಹದಿನೈದು ದಿನ ಎಣಿಸುವುದು ಆ ರಸೀದಿಯಿಂದ.

ಪ್ರಶ್ನೆ (ಹಲವರದ್ದು ಸೇರಿಸಿ):
ಕೆಲಸ ಹೋದ ಮೇಲೆ ಪಿಎಫ್ ಎಷ್ಟು ದಿನಕ್ಕೆ ತೆಗೀಬಹುದು?

ಉತ್ತರ:
ಪಿಎಫ್ ಭತ್ಯೆಯಲ್ಲ, ನಿಮ್ಮದೇ ಉಳಿತಾಯ. 2018ರಿಂದ ಇದ್ದ ಪದ್ಧತಿಯಲ್ಲಿ ಕೆಲಸ ಹೋಗಿ ಒಂದು ತಿಂಗಳಿಗೆ ಮುಕ್ಕಾಲು ಭಾಗ, ಎರಡು ತಿಂಗಳಿಗೆ ಉಳಿದದ್ದು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಟ್ರಸ್ಟಿಗಳ ಮಂಡಳಿ ಇದನ್ನು ಬದಲಿಸುವ ತೀರ್ಮಾನ ಮಾಡಿತು: ಮುಕ್ಕಾಲು ಭಾಗ ತಕ್ಷಣ, ಉಳಿದ ಕಾಲು ಭಾಗ 12 ತಿಂಗಳು ಕೆಲಸವಿಲ್ಲದಿದ್ದರೆ. ಅರ್ಜಿ ಹಾಕುವಾಗ ಪೋರ್ಟಲ್ ಏನು ತೋರಿಸುತ್ತದೆ ನೋಡಿ. ಕಂಪನಿಯವರು ಕೆಲಸ ಬಿಟ್ಟ ದಿನಾಂಕ ಹಾಕದೆ ಸತಾಯಿಸಿದರೆ, ಕೊನೆಯ ವಂತಿಗೆಯಿಂದ ಎರಡು ತಿಂಗಳು ಕಳೆದ ಮೇಲೆ ನೀವೇ ಹಾಕಿಕೊಳ್ಳಬಹುದು. ಅವರು ಹಾಕಿದ್ದರೆ ಪಕ್ಕದಲ್ಲಿ ಕಾರಣ ಏನು ಹಾಕಿದ್ದಾರೆ ಅನ್ನುವುದನ್ನೂ ನೋಡಿ. ಅಲ್ಲಿ ರಾಜೀನಾಮೆ ಅಂತಿದ್ದು ನಿಮ್ಮ ಇಎಸ್‌ಐ ಅರ್ಜಿಯಲ್ಲಿ ತೆಗೆದರು ಅಂತಿದ್ದರೆ ಪ್ರಶ್ನೆ ಎದ್ದೇ ಏಳುತ್ತದೆ.

ಪಿಂಚಣಿಯ ಭಾಗವನ್ನು ಮಾತ್ರ ಅವಸರದಲ್ಲಿ ಬಿಡಿಸಿಕೊಳ್ಳಬೇಡಿ. ಹತ್ತು ವರ್ಷ ತುಂಬಿದರೆ 58ಕ್ಕೆ ಪಿಂಚಣಿ. ತುಂಬದಿದ್ದರೆ ಸ್ಕೀಮ್ ಸರ್ಟಿಫಿಕೇಟ್ (ಇಲ್ಲಿಯವರೆಗಿನ ಸರ್ವೀಸಿನ ದಾಖಲೆ) ಪಡೆದು ಮುಂದಿನ ಕೆಲಸದ ಸರ್ವೀಸಿಗೆ ಸೇರಿಸಿಕೊಳ್ಳಿ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಕಂಪನಿ ಬದಲಿಸಿದಾಗಲೆಲ್ಲ ಬಿಡಿಸಿಕೊಂಡು, ಇಪ್ಪತ್ತು ವರ್ಷ ದುಡಿದರೂ ಹತ್ತು ವರ್ಷದ ಸರ್ವೀಸು ಕೂಡದೆ ಇರುವುದನ್ನು ನೋಡಿ ನನ್ನ ಹೊಟ್ಟೆ ಉರಿದಿದೆ.

ಮರುಪ್ರಶ್ನೆ (ಗೆಜ್ಜಲಗೆರೆಯ ಟೈಲರ್, ಸೋಮವಾರ ಸಂಜೆ):
ಅಕ್ಕ, ಸೈನ್ ಹಾಕ್ಲಿಲ್ಲ. ಹನ್ನೊಂದು ಜನ ಹಾಕ್ಲಿಲ್ಲ. "ನೀವೇ ತಗೀತಿದ್ದೀರಿ ಅಂತ ಬರ್ದು ಕೊಡಿ" ಅಂತ ಕೇಳುದ್ವಿ. ಮೊದ್ಲು ರೇಗುದ್ರು, ಆಮೇಲೆ ಆಫೀಸಿಗೆ ಫೋನ್ ಮಾಡಿ ನಾಳೆ ಬನ್ನಿ ಅಂದ್ರು. ನಾಳೆ ಕೊಡೋ ಪೇಪರಲ್ಲಿ ಏನ್ ನೋಡ್ಬೇಕು?

ಉತ್ತರ:
ಭೇಷ್ ತಂಗಿ. ನಾಳೆ ಹನ್ನೊಂದು ಜನವೂ ಒಟ್ಟಿಗೇ ಹೋಗಿ. ಕಾಗದದಲ್ಲಿ ಕಂಪನಿಯೇ ತೆಗೆಯುತ್ತಿದೆ ಅನ್ನುವುದು, ಆರ್ಡರ್ ಇಲ್ಲ ಅನ್ನುವ ಕಾರಣ, ಕೊನೆಯ ಕೆಲಸದ ದಿನ, ಒಂದು ತಿಂಗಳ ನೋಟಿಸ್ ಸಂಬಳ, ವರ್ಷಕ್ಕೆ 15 ದಿನದ ಲೆಕ್ಕದ ಪರಿಹಾರ ಇರಬೇಕು. ಕಾನೂನು ಪ್ರಕಾರ ರಿಟ್ರೆಂಚ್‌ಮೆಂಟ್ ಅಂತ ಬರೆದು ಕೊಟ್ಟರೆ, ಮೇಟಗಳ್ಳಿಯವರಿಗೆ ಹೇಳಿದ ಆ ಎರಡು ವರ್ಷದ ಯೋಜನೆಗೆ ನೀನೂ ಬರುತ್ತೀಯ. ಆಗ 90 ದಿನದ್ದಕ್ಕೆ ಅರ್ಜಿ ಹಾಕಬೇಡ. ಓದದೆ ಯಾರೂ ಪೆನ್ನು ಮುಟ್ಟಬೇಡಿ. ಮೊದಲು ಫೋಟೋ ತೆಗೆದು ನನಗೆ ಕಳಿಸಿ, ನಾನು ಹತ್ತೂವರೆಯ ತನಕ ಮನೆಯಲ್ಲೇ ಇರುತ್ತೇನೆ, ಫೋನ್ ಎತ್ತುತ್ತೇನೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಕಡೆಯ ಮೂರು ಪೇ ಸ್ಲಿಪ್ ಒಂದು ಕವರಿನಲ್ಲಿ ಹಾಕಿ ಇವತ್ತು ರಾತ್ರಿಯೇ ಎತ್ತಿಡು.